ಕಡೆಗೆ ಉಣ್ಣುವ ಯಜಮಾನಿ

ಆರು ಹೆಂಗಸರಿಗೆ ಮೇ ತಿಂಗಳ ಸಂಬಳ, ತಲೆಗೆ ಹದಿನಾಲ್ಕು ಸಾವಿರ, ಇನ್ನೂ ಬರಬೇಕಿದೆ. ಜೆ.ಪಿ. ನಗರದ ಒಂದು ತರಬೇತಿ ಕೇಂದ್ರದಲ್ಲಿ ಕಸ ಗುಡಿಸಿ, ನೆಲ ಒರೆಸಿ, ಟೀ ಕೊಡುವವರು ಇವರು. ಆಗ ಇವರ ಮೇಲೆ ಸೂಪರ್‌ವೈಸರ್ ಆಗಿದ್ದವಳು ಅನ್ನಪೂರ್ಣ. ಬಾಗಲಕೋಟೆ ಕಡೆಯವಳು, ಬಿ.ಟಿ.ಎಂ.ನಲ್ಲಿ ಬಾಡಿಗೆಗಿದ್ದಾಳೆ. ಏಪ್ರಿಲ್ ಹೋಯಿತು, ಮೇ ಹೋಯಿತು, ಹೆಂಗಸರಿಗೆ ಕಾಸಿಲ್ಲ. ಅನ್ನಪೂರ್ಣಳದು ಮಾತ್ರ ತಪ್ಪದೆ ಒಂದನೇ ತಾರೀಖಿಗೇ ಬಿದ್ದಿತ್ತು. ಇವರನ್ನೆಲ್ಲ ಕೆಲಸಕ್ಕಿಟ್ಟ ಗುತ್ತಿಗೆದಾರರ ಹಳೇ ಉಪಾಯ ಅದು. ಸೂಪರ್‌ವೈಸರ್ ಹೊಟ್ಟೆ ತುಂಬಿಸಿದರೆ ಉಳಿದವರ ಬಾಯಿ ಅವಳೇ ಮುಚ್ಚಿಸುತ್ತಾಳೆ. "ಬರತೈತಿ, ತಡೀರಿ" ಎನ್ನುತ್ತಿದ್ದಳು, ತನ್ನದು ಬಂದದ್ದನ್ನು ಹೇಳದೆ.

ಜೂನ್‌ನಲ್ಲಿ ಅಲ್ಲಿ ನಲವತ್ತು ಮ್ಯಾನೇಜರುಗಳಿಗೆ ಎರಡು ದಿನದ ಪಾಠ. ವೇದಕಾಲದ ಅರಿವಿನಿಂದ ಇವತ್ತಿನ ಆಫೀಸು, ಮನೆ ಎರಡನ್ನೂ ನಡೆಸುವುದು ಹೇಗೆ ಅಂತ. ಹೇಳುವವನು ಪದ್ಮನಾಭನಗರದ ಚೈತನ್ಯ, ಓದಿಕೊಂಡವನು.

"ಮೊದಲು ಅತಿಥಿ ಉಣ್ಣಬೇಕು, ಆಮೇಲೆ ಮನೆ ಆಳುಗಳು. ಉಳಿದಿದ್ದನ್ನ ಯಜಮಾನ ಉಣ್ತಾನೆ. ಅವನೇ ಲೀಡರ್" ಎಂದ. ಖಾಲಿ ಲೋಟ ಎತ್ತುತ್ತಿದ್ದ ಅನ್ನಪೂರ್ಣ ಅಲ್ಲೇ ನಿಂತುಬಿಟ್ಟಳು.

ಸಂಜೆ ರೊಟ್ಟಿ ಬಡಿಯುತ್ತ ಗಂಡ ನಿಂಗರಾಜನಿಗೆ ಹೇಳಿದಳು. "ಕಡೀಕ ಉಣ್ಣಾಂವ ಯಜಮಾನ ಅಂತ. ಹಂಗಂದ್ರ ಹದಿನೆಂಟು ವರ್ಷದಿಂದ ಈ ಮನ್ಯಾಗ ನಾನಽ ಯಜಮಾನಿ."

ನಿಂಗರಾಜ ನಕ್ಕ. "ಹಂಗಾರ ಇವತ್ತೊಂದಿನ ಯಜಮಾನಿಕಿ ನನಗ ಕೊಡು" ಎಂದು ತಾನೇ ತಟ್ಟೆಗೆ ಬಡಿಸಿ ಅವಳ ಮುಂದಿಟ್ಟ. ಎರಡನೇ ತುತ್ತಿಗೆ ಅವಳ ಕೈ ನಿಂತಿತು. ಮನೆಯಲ್ಲಿ ಕಡೆಗೆ ಉಣ್ಣುವವಳು ಕೆಲಸದಲ್ಲಿ ಎಲ್ಲರಿಗಿಂತ ಮೊದಲು ಉಂಡಿದ್ದಳು.

ಬೆಳಿಗ್ಗೆ ಆರು ಜನರ ಮುಂದೆ ನಿಂತು, ತನ್ನ ಸಂಬಳ ಬಂದದ್ದನ್ನು ಒಪ್ಪಿಕೊಂಡಳು. ಅವರಲ್ಲಿ ಹಿರಿಯಳು ಯಲ್ಲವ್ವ. "ನಿನ್ನ ಹೊಟ್ಟಿ ತುಂಬಿತ್ತಲ್ಲ ತಂಗಿ, ನಮ್ಮ ಹಸಿವು ನಿನಗ ಹೆಂಗ ತಿಳೀಬೇಕು?" ಎಂದಳು.

"ಎಷ್ಟರ ಬೈರಿ. ಆದ್ರ ಇವತ್ತು ಮ್ಯಾಲ ಪಾಠದವರಿಗೆ ಟೀ ಹೋಗೂದಿಲ್ಲ."

ಹನ್ನೊಂದೂಕಾಲಿಗೆ ಚೈತನ್ಯ ಇಳಿದು ಬಂದ. "ಅಕ್ಕ, ಟೀ ಯಾಕೆ ಬಂದಿಲ್ಲ?"

"ಸಾರ್, ಆಳು ಉಂಡ ಮ್ಯಾಲ ಯಜಮಾನ ಅಂತ ನಿನ್ನೆ ನೀವಽ ಹೇಳಿದ್ರಿ. ಇವರಿಗೆ ಎರಡು ತಿಂಗಳ ಪಗಾರ ಇಲ್ಲ. ನಂದು ಬಂದೈತಿ, ಮುಚ್ಚಿಟ್ಟಿದ್ದೆ, ತಪ್ಪು ನಂದೂ ಐತಿ."

"ಅದು ಕಂಟ್ರಾಕ್ಟರ್ ವಿಷ್ಯ ಅಲ್ವಾ ಅಕ್ಕ..."

"ನಿಮ್ಮ ಪಾಠದಾಗ ಕಂಟ್ರಾಕ್ಟರ್ ಇರಲಿಲ್ಲೇನ್ರಿ?" ಎಂದಳು ಯಲ್ಲವ್ವ.

ಚೈತನ್ಯನ ಮುಖ ಕೆಂಪಾಯಿತು. ನೇರ ಮೇಲೆ ಹೋದ. ಮೈಕು ಹಿಡಿದು ನಲವತ್ತು ಜನಕ್ಕೂ ವಿಷಯ ಹೇಳಿದ, ಸಂಬಳ ಬೀಳುವ ತನಕ ಪಾಠ ಇಲ್ಲವೆಂದು ಕೂತ. ಅಷ್ಟು ಎದೆಗಾರಿಕೆ ಅವನಿಗಿತ್ತು, ಇಲ್ಲವೆನ್ನಬಾರದು. ಕೇಂದ್ರದವರು ಗುತ್ತಿಗೆದಾರರ ಬೆನ್ನು ಬಿದ್ದರು, ಮೂರು ಗಂಟೆಗೆ ಏಪ್ರಿಲ್ ಸಂಬಳ ಬಿತ್ತು. ಮೇ ತಿಂಗಳದು ಬೀಳಲಿಲ್ಲ.

ಮರುವಾರ ಗುತ್ತಿಗೆದಾರರು ಅನ್ನಪೂರ್ಣಳ ಸೂಪರ್‌ವೈಸರ್ ಕೆಲಸ ಕಿತ್ತು, ಅರೆಕೆರೆಯ ಇನ್ನೊಂದು ಕಟ್ಟಡಕ್ಕೆ ನೆಲ ಒರೆಸಲು ಕಳಿಸಿದರು. ಸಂಬಳವೂ ಇಳಿಯಿತು. ಅವಳು ಅಳಲಿಲ್ಲ. ಅಲ್ಲಿನ ಹೆಂಗಸರಿಗೆ ಸಂಬಳ ಎಂದು ಬೀಳುತ್ತದೆ ಎಂದು ಮೊದಲ ದಿನವೇ ವಿಚಾರಿಸಿದಳು.

ಹಿರಿಯರ ಮಾತು ಒಳ್ಳೆಯದೇ. ನೀವೂ ಅಂಥ ಪಾಠಕ್ಕೆ ದುಡ್ಡು ಕಟ್ಟಿ ಕೂತು ಬಂದಿರಬಹುದು. ನಿಮ್ಮ ಆಫೀಸಿನ ಕಕ್ಕಸು ತೊಳೆಯುವವಳ ಹೆಸರೇನು? ಅವಳಿಗೆ ಸಂಬಳ ಬಿದ್ದಿದೆಯೇ? ನಾಳೆ ಊಟದ ಡಬ್ಬಿ ಬಿಚ್ಚುವ ಮುಂಚೆ ಹೋಗಿ ಕೇಳಿ. ಬಿದ್ದಿಲ್ಲವೆಂದರೆ ಡಬ್ಬಿ ಬಿಚ್ಚದೆ ಹಾಗೇ ಇಟ್ಟು, ಅವಳ ಪಕ್ಕ ಹೋಗಿ ನಿಲ್ಲಿ.