ಜಪಾನಿನ ಕಾರು, ಅಣ್ಣನ ಪಿಕಪ್ಪು

ನನ್ನ ಒಡಹುಟ್ಟಿದ ಅಣ್ಣನನ್ನು ನಾನು ನಮ್ಮ ಮನೆಯ ಡ್ರೈವರ್ ಎಂದು ಹೇಳಿದೆ. ಅವನ ಎದುರಿಗೇ ಹೇಳಿದೆ. ಅಣ್ಣ ತೀರಿಹೋಗಿ ತಿಂಗಳಾಯಿತು — ಈಗಲೂ ಬರೆಯದಿದ್ದರೆ ಇನ್ನೆಂದೂ ಬರೆಯಲಾರೆ.

ಎಪ್ಪತ್ತರ ದಶಕದ ಕೊನೆ. ನಾನು ಮಂಡ್ಯದ ಒಂದು ಕಚೇರಿಯಲ್ಲಿ ಗುಮಾಸ್ತ. ಅಪ್ಪ ಇಲ್ಲದ ಮನೆಯಲ್ಲಿ ನನ್ನನ್ನು ಓದಿಸಿದವನು ಅಣ್ಣ — ಹಳೆಯ ಜೀಪು ಪಿಕಪ್ಪಿನಲ್ಲಿ ಬಿತ್ತನೆ ಕಬ್ಬು, ಗೊಬ್ಬರ, ಬೆಲ್ಲ ಸಾಗಿಸಿ. ನಾಲೆ ಏರಿಯಾಗಲಿ, ಮಳೆಗಾಲದ ಕೆಸರಾಗಲಿ, ಎಲ್ಲೂ ನಿಲ್ಲದ ಗಾಡಿ. ನನಗೆ ಮಾತ್ರ ಅದರ ಸದ್ದೇ ನಾಚಿಕೆ.

ನನ್ನ ಗೆಳೆಯ, ಒಬ್ಬ ವಕೀಲರ ಮಗ, ವಿದೇಶದಿಂದ ಬಂದ ಮಾವನ ಜಪಾನಿನ ಕಾರು ಓಡಿಸುತ್ತಿದ್ದ. ಎರಡೇ ಬಾಗಿಲು, ಉದ್ದ ಮೂತಿ. ಒಳಗೆ ಕುಳಿತರೆ ನೆಲದ ಮೇಲೆ ಮಲಗಿದಂತೆ. "ನಿಮ್ಮನೇಲಿ ಯಾವ ಗಾಡಿ?" ಎಂದು ಕೇಳಿದ್ದಕ್ಕೆ, "ಪಿಕಪ್ಪಿದೆ, ಓಡಿಸೋಕೆ ಆಳಿದ್ದಾನೆ" ಎಂದುಬಿಟ್ಟಿದ್ದೆ.

ಒಂದು ಭಾನುವಾರ ಆ ಕಾರಿನಲ್ಲಿ ಕೊಕ್ಕರೆ ಬೆಳ್ಳೂರಿಗೆ ಹಕ್ಕಿ ನೋಡಲು ಹೊರಟೆವು. ಗದ್ದೆಯ ನೀರು ಹರಿದು ನೆನೆದಿದ್ದ ಗಾಡಿ ಜಾಡಿನಲ್ಲಿ ಕಾರಿನ ಹೊಟ್ಟೆ ಕೂತುಬಿಟ್ಟಿತು. ಅಷ್ಟರಲ್ಲಿ ಎದುರಿನಿಂದ ಆ ಸದ್ದು. ಕಬ್ಬು ಹೇರಿಕೊಂಡು ಬರುತ್ತಿದ್ದ ಅಣ್ಣ ನನ್ನನ್ನು ಕಂಡು ನಗುತ್ತಾ ಇಳಿದ. ಅವನು ಬಾಯಿ ತೆರೆಯುವ ಮೊದಲೇ ನಾನು ಗೆಳೆಯನಿಗೆ ಹೇಳಿದೆ — "ನಮ್ಮ ಡ್ರೈವರ್ ಬಂದ, ಬಿಡು."

ಅಣ್ಣ ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಪಂಚೆ ಎತ್ತಿ ಕಟ್ಟಿ ಹಗ್ಗ ತಂದ.

"ಬುದ್ಧೀ, ನೀವು ಮ್ಯಾಕೆ ನಿಂತ್ಕಳಿ. ಪ್ಯಾಂಟು ಕೆಸರಾಯ್ತದೆ."

ಬುದ್ಧಿ! ಆಳುಗಳು ಒಡೆಯರನ್ನು ಕರೆಯುವ ಮಾತು — ನನ್ನನ್ನು 'ಲೇ' ಎಂದಲ್ಲದೆ ಕರೆಯದ ಅಣ್ಣನ ಬಾಯಲ್ಲಿ.

ಒಂದೇ ಎಳೆತಕ್ಕೆ ಕಾರು ಮೇಲೆ ಬಂತು. "ಡಬ್ಬದ ಥರ ಇದ್ರೂ ಎಳೆಯುತ್ತಲ್ಲಯ್ಯ!" ಎಂದ ಗೆಳೆಯ.

"ಓಡಕ್ಕೆ ನಿಮ್ದು ಸ್ವಾಮಿ, ಎಳಿಯಕ್ಕೆ ನಮ್ದು. ಎಮ್ಮೆ ಹೊರಳೋ ಕೆಸ್ರಿಗೆ ಕುದ್ರೆ ತಂದ್ರೆ ಇಂಗೇಯ."

ಗೆಳೆಯ ನಕ್ಕ. ನಾನೂ ನಕ್ಕೆ.

ಗೆಳೆಯ ಖುಷಿಯಿಂದ, ಪಿಕಪ್ಪನ್ನೂ ಹಿಂದೆಯೇ ಬರಹೇಳಿ, ಎಲ್ಲರಿಗೂ ಮದ್ದೂರಿನಲ್ಲಿ ವಡೆ ಕೊಡಿಸಿದ. ಆಗೆಲ್ಲ ಡ್ರೈವರುಗಳು ಹೋಟೆಲಿನೊಳಗೆ ಒಡೆಯರ ಜೊತೆ ಕೂರುತ್ತಿರಲಿಲ್ಲ. ಅಣ್ಣನೂ ಕೂರಲಿಲ್ಲ. ಪಿಕಪ್ಪಿನ ಹಿಂಬದಿಯ ಹಲಗೆಯ ಮೇಲೆ ಕುಳಿತು, ಎಲೆಯಲ್ಲಿ ಕಟ್ಟಿಕೊಟ್ಟ ವಡೆಯನ್ನು ತಿನ್ನುತ್ತಿದ್ದುದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಎದ್ದು ಹೋಗಬೇಕೆಂದು ಅರ್ಧ ಎದ್ದೆ — ಮತ್ತೆ ಕೂತೆ. ಇನ್ನೊಂದು ವಡೆ ತರಿಸಿಕೊಂಡು ತಿಂದೆ ಕೂಡ.

ಆಮೇಲೆ ಅಣ್ಣ ಬೈಯಲಿಲ್ಲ, ಕೇಳಲಿಲ್ಲ. ಸುಗ್ಗಿಯಾದಾಗಲೆಲ್ಲ ಬಸ್ಸಿನಲ್ಲಿ ಅಕ್ಕಿ ಕಳಿಸಿದ. ಆದರೆ ಮಂಡ್ಯದ ನನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ — ನನ್ನ ಮಗುವಿನ ನಾಮಕರಣಕ್ಕೂ. ಕೋಪ ಎಂದುಕೊಂಡಿದ್ದೆ. ಕೋಪವಲ್ಲವೆಂದು ಈಗ ಹೊಳೆಯುತ್ತಿದೆ — ಕೋಪವಿದ್ದವನು ಅಕ್ಕಿ ಕಳಿಸುತ್ತಿದ್ದನೇ? ಆ ಗೆಳೆಯ ಎದುರಾಗಿ ಗುರುತು ಹಿಡಿದರೆ ನನ್ನ ಸುಳ್ಳು ಬಯಲಾದೀತೆಂದು — ಅಣ್ಣ ನನ್ನ ಮಾನ ಕಾಯುತ್ತಿದ್ದ.

ತಿಥಿಯ ದಿನ ಅತ್ತಿಗೆ ಕೇಳಿದರು. "ನಿಮ್ಮಣ್ಣ ಯಾಕಪ್ಪ ಒಂದ್ಸಲಾನೂ ನಿಮ್ಮನೆ ಬಾಗ್ಲಿಗೆ ಬರ್ನಿಲ್ಲ? ನಾನೇ ನಿನ್ನೆಂಡ್ತಿಗೆ ಏನಾರ ಅಂದಿದ್ನಾ ಅಂತ ಇಷ್ಟ್ ವರ್ಸ ಕೊರಗಿವ್ನಿ ಕಣಪ್ಪ. ನೀನೇನಾರ ಅಂದಿದ್ದಾ?"

"ಇಲ್ಲ ಅತ್ತಿಗೆ" ಎಂದೆ. ಅಣ್ಣನ ಎಡೆಯ ಮುಂದೆ ನಿಂತು — ಮತ್ತೊಂದು ಸುಳ್ಳು.

ನಾಳೆ ಊರಿಗೆ ಹೋಗುತ್ತೇನೆ. ಅಣ್ಣನ ಮಕ್ಕಳೆದುರಿಗೇ ಎಲ್ಲ ಹೇಳುತ್ತೇನೆ. ತಪ್ಪು ತನ್ನದಲ್ಲವೆಂದು ಅತ್ತಿಗೆಗೆ ತಿಳಿಯಲಿ. ತಿಳಿದ ಮೇಲೆ ಅವರು ನನ್ನನ್ನು ಒಳಗೆ ಕರೆಯದಿದ್ದರೆ — ಕರೆಯುವುದು ಬೇಡ.