ಭೀಮಿಲಿ ದಂಡೆಯಲ್ಲಿ ಸಾಹೇಬರ ಡೇರೆ

ಬಾಲ್ಯವೆಂದರೆ ಬರೀ ಬೆಲ್ಲ ಎನ್ನುವವರು ಇದನ್ನು ಓದದೆ ಮುಂದೆ ಹೋಗಬಹುದು. ಫಿಲ್ಮ್ ರೋಲ್ ಖರ್ಚಾದೀತೆಂದು ಜನ ಅಳೆದು ತೂಗಿ ಫೋಟೋ ತೆಗೆಯುತ್ತಿದ್ದ ಕಾಲದ ಮಾತು ಇದು. ಅಪ್ಪನಿಗೆ ವಿಜಯವಾಡದ ಬ್ಯಾಂಕಿನಲ್ಲಿ ಕೆಲಸ. ನಾವು ಧಾರವಾಡದ ಕಡೆಯವರು. ಮನೆಯಲ್ಲಿ ದಿನಾ ಒಂದೇ ಜಪ: ಹುಬ್ಬಳ್ಳಿಗೆ ವರ್ಗ. ಅದನ್ನು ಕೊಡಿಸಬಲ್ಲ ದೇವರು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿದ್ದರು. ಅಪ್ಪನ ಮೇಲಧಿಕಾರಿ, ಮೈಸೂರಿನವರು. ನಮ್ಮ ಮನೆಯಲ್ಲಿ ಅವರಿಗೆ ಹೆಸರೇ ಇರಲಿಲ್ಲ, ಬರೀ ‘ಸಾಹೇಬ್ರು’.

ಒಂದು ಬೇಸಿಗೆ ರಜೆಯಲ್ಲಿ ಸಾಹೇಬರು ವಿಶಾಖಪಟ್ಟಣದ ಆಚೆಗಿನ ಭೀಮಿಲಿ ಹತ್ತಿರದ ಸಮುದ್ರದಂಡೆಯಲ್ಲಿ ಡೇರೆ ಹಾಕಿ ಹಕ್ಕಿಗಳ ಫೋಟೋ ತೆಗೆಯಲು ಹೊರಟರು. ‘ಫ್ಯಾಮಿಲಿ ಕರ್ಕೊಂಡ್ ಬನ್ರಿ, ಪಿಕ್ನಿಕ್ ಆಗುತ್ತೆ’ ಎಂದರು. ಪಿಕ್ನಿಕ್ಕಂತೆ! ಗೂಟ ಹೊಡೆದದ್ದು ಅಪ್ಪ. ಸೀಮೆಎಣ್ಣೆ ಸ್ಟೋವಿನ ಮುಂದೆ ಕೂತು ದಪಾಟಿ ಬೇಯಿಸಿದ್ದು ಅವ್ವ. ನನ್ನ ಕೆಲಸ, ಹಕ್ಕಿಗಳ ಹಿಂಡಿನೊಳಗೆ ನುಗ್ಗಿ ಅವನ್ನು ಎಬ್ಬಿಸುವುದು. ಸಾಹೇಬರಿಗೆ ಹಾರುವ ಹಕ್ಕಿಯೇ ಬೇಕು, ಕೂತದ್ದು ಆಗದು. ಮೊದಲು ನನಗೂ ಅದು ಆಟವೇ ಅನಿಸಿತ್ತು. ನಾಲ್ಕು ಸಲ ಓಡಿದ ಮೇಲೆ ಬಾಯಲ್ಲೆಲ್ಲ ಉಪ್ಪು, ಮರಳು.

‘ಕೂಸನ್ನ ಬ್ಯಾಟಿನಾಯಿ ಹಂಗ ಓಡಸ್ತಾರ, ನೀವೂ ಹಲ್ಲ ಕಿಸದ ನಿಂತೀರಲ್ಲ!’ ಎಂದು ಅವ್ವ ಅಪ್ಪನ ಕಿವಿಯಲ್ಲಿ ಗದರಿದಳು.

ಮರುದಿನ ಬೆಳಿಗ್ಗೆ ಡೇರೆಯ ಮುಂದೆ ಮರಳಿನ ಬಣ್ಣದ ಪುಟ್ಟ ಹಕ್ಕಿಯೊಂದು ರೆಕ್ಕೆ ಎಳೆಯುತ್ತ ಕುಂಟುತ್ತಿತ್ತು. ಸಾಹೇಬರು ಕ್ಯಾಮೆರಾ ಹಿಡಿದು ಬೆನ್ನುಹತ್ತಿದರು. ‘ರೀ, ರೆಕ್ಕೆ ಮುರಿದಿದೆ ಕಣ್ರೀ! ಹತ್ರ ಹೋದ್ರೂ ಹಾರ್ತಿಲ್ಲ. ಎಂಥಾ ಲಕ್ಕು!’

ನಾನು ನೀರಿನ ಕ್ಯಾನಿನ ಹಿಂದೆ ಕೂತು ನೋಡುತ್ತಿದ್ದೆ. ಸಾಹೇಬರು ದೂರ ಹೋದದ್ದೇ ತಡ, ಹಕ್ಕಿಯ ರೆಕ್ಕೆ ನೆಟ್ಟಗಾಯಿತು. ಚಕ್ರದಂತೆ ಕಾಲು ತಿರುಗಿಸುತ್ತ ಡೇರೆಯ ಪಕ್ಕಕ್ಕೇ ಓಡಿಬಂತು. ಅವರು ವಾಪಸ್ ಬಂದರೆ ಮತ್ತೆ ಕುಂಟು. ಹೋಗಿ ಹುಡುಕಿದೆ. ಡೇರೆಯ ಹಗ್ಗದ ಪಕ್ಕ, ಮರಳಿನ ಸಣ್ಣ ಕುಳಿಯಲ್ಲಿ ಚುಕ್ಕೆ ಚುಕ್ಕೆಯ ಮೊಟ್ಟೆಗಳು.

‘ಅಪ್ಪಾ, ಗುಡ್ಲು!’ ಬಾಯಿಗೆ ತೆಲುಗೇ ಮೊದಲು ಬಂತು. ‘ಮೊಟ್ಟಿ ಅದಾವ ಇಲ್ಲೆ. ನಾವಿದ್ರ ಅದು ಕಾವಿಗೆ ಕೂಡಂಗಿಲ್ಲ. ಡೇರೆ ಆ ಕಡೆ ಹಾಕೂಣು.’

‘ಸುಮ್ಮನಿರು. ವರ್ಗದ ಮಾತು ಈಗಷ್ಟ ತಗದೀನಿ.’

ಅಪ್ಪ ಹೇಳುವುದಿಲ್ಲವೆಂದು ಖಾತ್ರಿಯಾಯಿತು. ನಾನೇ ಹೋಗಿ ಸಾಹೇಬರ ಎದುರು ನಿಂತೆ. ‘ಅಂಕಲ್, ಅದರ ರೆಕ್ಕಿ ಮುರದಿಲ್ಲ. ಮೊಟ್ಟಿ ಹತ್ರ ನೀವು ಬರಬಾರದಂತ ನಾಟಕ ಮಾಡ್ಲಿಕತ್ತದ.’

‘ನಿಮ್ಮ ಮಗಳು ನನಗೇ ಪಾಠ ಮಾಡ್ತಾಳಲ್ರೀ!’ ಸಾಹೇಬರು ನಕ್ಕರು. ಆಮೇಲೆ ಬಗ್ಗಿ ಕುಳಿ ನೋಡಿದರು. ‘ಛೆ, ಇಲ್ಲಿ ಡೇರೆ ನೆರಳು. ಆ ಬಿಸಿಲಿಗೆ ತಂದಿಡ್ರಿ. ಸುತ್ತ ಒಂದೆರಡು ಕಪ್ಪೆಚಿಪ್ಪು ಇರಲಿ, ಚೆನ್ನಾಗಿರುತ್ತೆ.’

‘ರೀ, ಮುಟ್ಟಬ್ಯಾಡ್ರಿ’ ಎಂದಳು ಅವ್ವ. ಅಪ್ಪ ಕೇಳಿಸದವರಂತೆ ಮೊಟ್ಟೆಗಳನ್ನು ಬೊಗಸೆಯಲ್ಲಿ ಹೊತ್ತು ನಡೆದರು. ಪ್ರಸಾದ ಒಯ್ಯುವವರಂತೆ, ಅಷ್ಟು ಜೋಪಾನ.

ಹಕ್ಕಿ ಬಂತು. ಖಾಲಿ ಕುಳಿಯ ಮೇಲೆ ಮೈ ಅಲುಗಿಸಿ ಕೂತಿತು. ಎದ್ದಿತು. ಮತ್ತೆ ಕೂತಿತು. ಮೊಟ್ಟೆಗಳನ್ನು ವಾಪಸ್ ಕುಳಿಯಲ್ಲೇ ಇಡೋಣವೆಂದು ಓಡಿದರೆ ಅಪ್ಪ ನನ್ನ ರಟ್ಟೆ ಹಿಡಿದರು. ‘ಫೋಟೋ ಆಗ್ಲಿ, ಆಮ್ಯಾಲ.’ ಅಷ್ಟರಲ್ಲಿ ಕಾಗೆ ಬಂತು. ಒಂದೊಂದಾಗಿ ಎಲ್ಲ ತಿಂದಿತು.

‘ಸಿಕ್ತು ರೀ, ಸಿಕ್ತು! ಏನ್ ಆ್ಯಕ್ಷನ್ನು!’ ಸಾಹೇಬರು ಕ್ಲಿಕ್ಕಿಸುತ್ತಲೇ ಕೂಗಿದರು. ಅಪ್ಪ ನನ್ನ ರಟ್ಟೆ ಬಿಟ್ಟರು, ಚಪ್ಪಾಳೆ ತಟ್ಟಬೇಕಿತ್ತಲ್ಲ. ತಟ್ಟಿದರು.

ವಾಪಸ್ ರೈಲಿನಲ್ಲಿ ಅವ್ವ ಒಂದೇ ಮಾತಾಡಿದಳು. ‘ಹುಬ್ಬಳ್ಳಿ ಸಿಕ್ಕರ ಅಲ್ಲೆ ಯಾವ ಮಾರಿ ಇಟಗೊಂಡ ಅಡ್ಡಾಡ್ತೀರಿ?’

ಹುಬ್ಬಳ್ಳಿ ಸಿಕ್ಕಿತು. ಸಾಹೇಬರು ಕಾಗೆಯ ಫೋಟೋಕ್ಕೆ ಕಟ್ಟು ಹಾಕಿಸಿ ಉಡುಗೊರೆ ಕೊಟ್ಟರು. ಅಪ್ಪ ಅದನ್ನು ಪಡಸಾಲೆಯಲ್ಲಿ ತೂಗುಹಾಕಿದರು. ಬಂದವರೆಲ್ಲ ‘ಭಾರೀ ತಗದಾರಲ್ರಿ’ ಎನ್ನುತ್ತಿದ್ದರು. ಅವ್ವ ಮಾತ್ರ ಎಲ್ಲ ಕಟ್ಟುಗಳ ಧೂಳು ಒರೆಸಿ ಅದೊಂದನ್ನು ಬಿಡುತ್ತಿದ್ದಳು.

ಮೊನ್ನೆ ಭೀಮಿಲಿಗೆ ಹೋಗಿದ್ದೆ. ದಂಡೆಯ ತುಂಬ ಬಣ್ಣದ ಡೇರೆಗಳು, ಬಾಡಿಗೆಗೆ. ಮೂರು ಜನ ಹುಡುಗರು ಮೊಬೈಲ್ ಹಿಡಿದು ಉಳಿದ ನಾಲ್ಕು ಹಕ್ಕಿಗಳನ್ನು ಅಟ್ಟುತ್ತಿದ್ದರು. ಬೈದೆ. ‘ಫೋಟೋ ಕೋಸಮೇ ಆಂಟೀ’ ಎಂದು ನಕ್ಕರು. ಫೋಟೋಕ್ಕಾಗಿಯಂತೆ. ಹೌದಪ್ಪ, ನಿಮಗಾದರೂ ಫೋಟೋ ಬೇಕು. ನನ್ನ ಅಪ್ಪನಿಗೆ ಅದೂ ಬೇಕಿರಲಿಲ್ಲ.

ಓದುವ ಗೆಳೆಯರೇ, ನೀವು ‘ಹಾರುವ ಹಕ್ಕಿ’ ಎಂದು ಫೋಟೋ ಹಾಕಿ ನನ್ನ ಹೆಸರು ಟ್ಯಾಗ್ ಮಾಡುತ್ತೀರಲ್ಲ, ಮಾಡಬೇಡಿ. ಅದನ್ನು ಎಬ್ಬಿಸಿದ್ದು ಯಾರೆಂದು ಕೇಳುತ್ತೇನೆ. ಆಮೇಲೆ ಜಗಳವಾಗುತ್ತದೆ. ಆ ದಂಡೆಯಲ್ಲಿ ಮೊಟ್ಟೆಯಿಡಲು ಈಗ ಜಾಗವಿಲ್ಲ. ಅಪ್ಪ ಇನ್ನೂ ಇಪ್ಪತ್ತು ವರ್ಷ ಬದುಕಿದರು. ಅವರು ಕರೆದಾಗೆಲ್ಲ, ಹೊರಗಿನವರಿಗೆ ಅನ್ನುವಂತೆ, ‘ಏನ್ರಿ’ ಎಂದೆ. ‘ಅಪ್ಪಾ’ ಎನ್ನಲು ಬಾಯಿ ಬರಲಿಲ್ಲ.