ಹುಣಸೇಮರ ಎಡಕ್ಕೆ ಬಂದ ಪಟ

ಕಾಂಪೌಂಡರ್ ಸಾಹೇಬರ ಬಲಗೈಯ ಎರಡು ಬೆರಳು ಸದಾ ಕಂದು ಬಣ್ಣ. ಆಸ್ಪತ್ರೆಯ ಟಿಂಕ್ಚರೋ, ಪಟ ತೊಳೆಯುವ ಔಷಧಿಯೋ, ಮುಳಬಾಗಿಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ಬಂತೆಂದರೆ ಡಬ್ಬಿ ಕ್ಯಾಮೆರಾವನ್ನು ಸೈಕಲ್ಲಿಗೆ ತೂಗುಹಾಕಿಕೊಂಡು ದೇವರಾಯಸಮುದ್ರದ ಕೆರೆ, ಬೈರಕೂರಿನ ಮಾವಿನ ತೋಪು ಎಂದು ಸುತ್ತುತ್ತಿದ್ದರು. ಮನುಷ್ಯರ ಪಟ ಮಾತ್ರ ತೆಗೆಯುತ್ತಿರಲಿಲ್ಲ. "ಮನುಷ್ಯ ಕಣ್ಣು ಮಿಟುಕಿಸ್ತಾನಮ್ಮ. ಕೆರೆಗೆ ಆ ಚಾಳಿ ಇಲ್ಲ," ಎನ್ನುತ್ತಿದ್ದರು.

ಪಟಗಳನ್ನು ಔಷಧಿ ಕೊಡುವ ಕಿಟಕಿಯ ಪಕ್ಕ ಅಂಟಿಸುತ್ತಿದ್ದರು. ಸೀಸೆ ಹಿಡಿದು ನಿಂತವರು ಜ್ವರ ಮರೆತು, "ಇದು ನಮ್ ಕೆರೆ ಏರಿ ಕಣೋ. ಇಷ್ಟು ಚೆನ್ನಾಗೈತಾ?" ಎನ್ನುವರು. ದಿನಾ ಅದೇ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬರುವವರು ಅವರು. ನಮ್ಮೂರು ನೋಡುವಂಥದ್ದು ಎಂದು ನನಗೂ ಗೊತ್ತಾದದ್ದು ಆ ಗೋಡೆಯಿಂದಲೇ.

ಯುದ್ಧದ ವರ್ಷಗಳಲ್ಲಿ ಅಣ್ಣ ಸೈನ್ಯಕ್ಕೆ ಸೇರಿ ಬರ್ಮಾ ಕಡೆ ಹೋದ. ನಿಮ್ಮ ಮುಖ ಮರೆತಿಲ್ಲ, ನಮ್ಮ ಮನೆ ಬಾಗಿಲಿನದೊಂದು ಪಟ ಕಳಿಸಿ ಎಂದು ಅಲ್ಲಿಂದ ಬರೆದ. ಫಿಲ್ಮು ಸಿಗದ ಕಾಲ. ಸುರುಳಿಯಲ್ಲಿ ಉಳಿದಿದ್ದ ಕೊನೆಯದನ್ನು ಸಾಹೇಬರು ನಮಗೆ ಕೊಟ್ಟರು. ರೇಷ್ಮೆ ಸೀರೆ ಉಟ್ಟು ನಿಂತಿದ್ದ ಅಮ್ಮನನ್ನು, "ಪಕ್ಕಕ್ಕೆ ಬನ್ನೀಮ್ಮ, ಹುಣಸೇಮರ ಮರೆಯಾಗುತ್ತೆ," ಎಂದು ಸರಿಸಿಯೇಬಿಟ್ಟರು. ಅಮ್ಮ ಒಂದು ವಾರ ಅವರನ್ನು ಮಾತಾಡಿಸಲಿಲ್ಲ.

ಎಷ್ಟೋ ತಿಂಗಳಾದ ಮೇಲೆ ಅಣ್ಣನ ಕಾಗದ ಬಂತು. "ಅಮ್ಮಾ, ಹುಣಸೇಮರ ಬಾಗಿಲ ಎಡಕ್ಕೆ ಯಾವಾಗ ಬಂತು? ಸಾಹೇಬ್ರು ನಮ್ ಬೀದೀನೇ ತಿರುಗಿಸಿಬಿಟ್ಟವ್ರೆ. ಇಲ್ಲಿ ಎಲ್ಲಾರಿಗೂ ತೋರ್ಸಿ ನಗ್ತಾ ಇದೀನಿ."

ಬೀದಿಗಿಳಿದು ನೋಡಿದೆವು. ಮರ ಬಲಕ್ಕೇ ಇತ್ತು. ಫಿಲ್ಮಿನಿಂದ ಕಾಗದಕ್ಕೆ ಪಟ ಇಳಿಸಲು ಬಿಸಿಲಿಗೆ ಚೌಕಟ್ಟು ಇಡುವಾಗ ಸಾಹೇಬರು ಫಿಲ್ಮನ್ನು ಮಗುಚಿ ಹಾಕಿದ್ದರು, ಎಡಬಲ ಅದಲುಬದಲಾಗಿತ್ತು. ಕಳಿಸುವ ಮುಂಚೆ ಬೀದಿಯವರೆಲ್ಲ ಆ ಪಟ ನೋಡಿದ್ದೆವು, ಒಬ್ಬರಿಗೂ ಹೊಳೆದಿರಲಿಲ್ಲ. "ತೌಬಾ, ಕಣ್ಣು ಇರೋದು ಅವನೊಬ್ಬನಿಗೇ," ಎಂದು ಸಾಹೇಬರು ನಾಚಿಕೊಂಡು, ಸರಿಯಾದದ್ದನ್ನು ಮಾಡಿ ಅಂಚೆಗೆ ಹಾಕಿದರು.

ಅದು ತಲುಪಲಿಲ್ಲ. ಅಣ್ಣ ತೀರಿಕೊಂಡ ತಂತಿ ಮೊದಲು ಬಂತು, ಆಮೇಲೆ ಒಡೆಯದೆ ವಾಪಸಾದ ಲಕೋಟೆ.

ಸಾಹೇಬರು ಆ ಪಟಕ್ಕೆ ಕಟ್ಟು ಹಾಕಿಸಿ ತಂದರು. ಅಮ್ಮ ಕೈಗೆ ತೆಗೆದುಕೊಳ್ಳಲಿಲ್ಲ.

"ನನ್ ಮಗ ನೋಡಿದ್ದು ಇದಲ್ಲ ಸಾಹೇಬ್ರೇ. ಅವನು ನೋಡಿದ್ದು ಕೊಡಿ."

ಮಾರನೆಯ ದಿನ ಅವರು ನಮ್ಮ ಅಂಗಳದಲ್ಲೇ ಕೂತು, ಅಮ್ಮನ ಎದುರಿಗೇ ಫಿಲ್ಮನ್ನು ಮಗುಚಿ ಬಿಸಿಲಿಗಿಟ್ಟರು. ತಪ್ಪನ್ನು ಅಷ್ಟು ಜೋಪಾನವಾಗಿ ಮಾಡಿದವರನ್ನು ನಾನು ಮತ್ತೆ ಕಂಡಿಲ್ಲ.

ಸಾಹೇಬರೂ ಅಮ್ಮನೂ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಮರವನ್ನೂ ಕಡಿದರು. ಅದು ಎಲ್ಲಿತ್ತು ಎಂದು ಮೊಮ್ಮಕ್ಕಳು ಕೇಳಿದರೆ, ಬಾಗಿಲ ಎಡಕ್ಕೆ ಎಂದೇ ಹೇಳುತ್ತೇನೆ.